ನಮ್ಮ ಮನೆ ಕನ್ನಡ ಮಾತಾಡುವ ಆ್ಯಪ್

ದೊಡ್ಡಮ್ಮಾ, ನನ್ನ ಮುದ್ದು ದೊಡ್ಡಮ್ಮಾ,

ಮದುವೆಯಾಯಿತು! ನೀನು ಈಗ ಇಲ್ಲ ಎಂದು ತಿಳಿದಿದ್ದರೂ ತಾಳಿ ಕಟ್ಟುವಾಗ ಜನರ ನಡುವೆ ನಿನ್ನನ್ನೇ ಹುಡುಕಿದೆ, ಗೊತ್ತಾ? ಹುಡುಗ ಹರೀಶ, ದಾವಣಗೆರೆಯವನು. ಇಲ್ಲಿನ ಗಣಪತಿ ಏರಿಯಾದ ಪಂಪ್ ಕಂಪನಿಯೊಂದರ ಜಾಹೀರಾತು ನೋಡಿಕೊಳ್ಳಲು ನಮ್ಮ ತಮಿಳು ಸೀಮೆಗೆ ಬಂದವನು. ಇಂಗ್ಲಿಷ್ ಮೀಡಿಯಂ ಓದಿದ ನನಗೆ ಕನ್ನಡ ಅಕ್ಷರ ಕಲಿಸಿದವನೂ ಅವನೇ. ನಿನಗೂ ಈ ಅಕ್ಷರ ಬರುತ್ತಿರಲಿಲ್ಲ. ಪರವಾಗಿಲ್ಲ, ಬರೆಯುತ್ತಾ ಗಟ್ಟಿಯಾಗಿ ಓದುತ್ತಿದ್ದೇನೆ, ಕೇಳಿಸಿಕೋ.

ಅನ್ನೂರಿನ ಮನೆಯಲ್ಲಿ ನಿನ್ನ ಮಗ್ಗದ ಪಕ್ಕ ಕೂತು ನಾನು ಹೋಂವರ್ಕ್ ಮಾಡುತ್ತಿದ್ದುದು ನೆನಪಿದೆಯಾ? ಒಂದು ಸೀರೆ ನೀಲಿ, ಮುಂದಿನದು ಮಾವಿನ ಚಿಗುರಿನ ಬಣ್ಣ. ಅಡ್ಡ ಹೊಕ್ಕಿನ ನೂಲು ಬದಲಿಸುವುದು ನಿನಗೆ ಆಟ. ಆದರೆ ಉದ್ದಕ್ಕೆ ಏರಿಸಿದ ಹಾಸನ್ನು ಯಾರೂ ಮುಟ್ಟುವಂತಿಲ್ಲ! "ಅದನ್ನ ಕತ್ತರಿಸಿದ್ರೆ ಅಷ್ಟೂ ಸೀರೆ ಹೋಯ್ತು ಕಣ್ಣು" ಎಂದು, ಮುದ್ದಿಗೆ ನನ್ನನ್ನು ಕಣ್ಣು ಅಂತಲೇ ಕರೆದು, ನೀನು ಹೇಳುತ್ತಿದ್ದ ರೀತಿ...

ಮೊದಲ ದಿನ ನಾವಿಬ್ಬರೂ ಸೇರಿ ಮಾಡಿದ ಆ್ಯಪ್ ಹಿಡಿದು ಅನ್ನೂರಿಗೆ, ನಿನ್ನ ಪಕ್ಕದ ಮನೆ ಸರೋಜಕ್ಕನ ಜಗಲಿ ತಿಣ್ಣೆಗೆ ಹೋದೆವು. ನೇಕಾರರೇ ಸೀರೆಯ ಫೋಟೋ ಹಾಕಿ ನೇರವಾಗಿ ಮಾರುವುದಕ್ಕೆ ಮಾಡಿದ್ದು. ಕೋಡ್ ನನ್ನದು, ಪ್ರಚಾರ ಅವನದು. ನಮ್ಮ ನೇಕಾರರ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರಲ್ಲ ಎಂದು ಆ್ಯಪ್ ತುಂಬಾ ಕನ್ನಡ ಅಕ್ಷರ, ಪೋಸ್ಟರ್ ತುಂಬಾ ಕನ್ನಡ ಅಕ್ಷರ! ಹೊಸ ಗಂಡ, ಹೊಸ ಲಿಪಿ, ಕಾಲು ನೆಲದ ಮೇಲಿದ್ದರೆ ತಾನೇ? ಸರೋಜಕ್ಕ ಫೋನನ್ನು ದೂರ ಹಿಡಿದು ನೋಡಿದಳು. "ಚೆನ್ನಾಗೈತೆ ಕಣ್ಣು, ಬಾಗಿಲ ಮುಂದೆ ಇಕ್ಕೋ ಕೋಲಂ ಹಂಗೈತೆ. ಓದೋದು ಯಾರು? ನಾವು ಕಲ್ತಿದ್ದೆಲ್ಲ ತಮಿಳು ಅಕ್ಷರ ಅಲ್ವಾ?"

ಆ ವಾರ ಒಬ್ಬರೂ ಒಂದು ಸೀರೆಯ ಫೋಟೋ ಹಾಕಲಿಲ್ಲ. ಅನ್ನೂರಿನಿಂದ ಮರಳುವ ಗಾಂಧಿಪುರಂ ಬಸ್ಸಿನಲ್ಲಿ ಹರೀಶ ಮೆಲ್ಲಗೆ ಹೇಳಿದ, "ಪವೀ, ದೊಡ್ಡ ಅಂಗಡಿಗಳಿಗೇ ಮಾಡೋಣ. ಅವರು ಇಂಗ್ಲಿಷ್ ಓದ್ತಾರೆ, ಬೇಗ ಸೇರ್ತಾರೆ."

"ಆಗ ನೇಯ್ದವರ ಹೆಸರು ಎಲ್ಲಿ ಬರುತ್ತೆ?"

"ಅದನ್ನ ಆಮೇಲೆ ನೋಡೋಣ."

ದೊಡ್ಡಮ್ಮಾ, ನೀನಾಗಿದ್ದರೆ ಏನನ್ನುತ್ತಿದ್ದೆ? ನನಗೆ ನಿನ್ನ ಮಗ್ಗವೇ ಕಣ್ಣಿಗೆ ಬಂತು. "ಹರೀ, ಅಕ್ಷರ ಬದಲಾಯಿಸು, ಬಟನ್ ಬದಲಾಯಿಸು, ಪೋಸ್ಟರ್ ಹರಿದು ಹಾಕು. ಬೇಕಾದರೆ ದಿನಾ ಬದಲಾಯಿಸೋಣ. ಯಾರಿಗಾಗಿ ಮಾಡ್ತಿದ್ದೀವೋ ಅದಕ್ಕೆ ಮಾತ್ರ ಕತ್ತರಿ ಹಾಕೋದು ಬೇಡ." ಬಸ್ ಸ್ಟ್ಯಾಂಡ್ ಬಂತು. ಇಳಿಯುವಾಗ ಅವನು ಕೇಳಿದ, "ಸರಿ ಮೇಡಂ, ನಾಳೆ ಮೊದಲು ಏನು ಬದಲಾಯಿಸ್ತೀರಿ?" ಅಷ್ಟು ಜನರ ಮಧ್ಯೆ ಅವನನ್ನು ಅಪ್ಪಿಕೊಳ್ಳುವುದೊಂದು ಬಾಕಿ!

ಮರುದಿನವೇ ತಮಿಳು ಅಕ್ಷರ ಹಾಕಿದೆವು. ಓದುವುದೇ ಬೇಸರ ಎಂದರು ನೇಕಾರರು. ಹಾಗಾದರೆ ಆ್ಯಪ್ ಮಾತಾಡಲಿ ಎಂದು ಹರೀಶನ ದನಿಯಲ್ಲಿ ಪುಸ್ತಕದ ಕನ್ನಡ ತುಂಬಿದೆವು. ಸರೋಜಕ್ಕ ನಕ್ಕಿದ್ದೇ ನಕ್ಕಿದ್ದು. "ಇದ್ಯಾರು, ನ್ಯೂಸ್ ಓದೋರಾ? ಮಾಪ್ಪಿಳ್ಳೆ ಬಾಯಿ ತೆಗೆದು ಪೇಸಿದ್ರೆ ಎದ್ದು ನಿಂತ್ಕೋಬೇಕು ಅನ್ಸುತ್ತೆ!" ಮಾಪ್ಪಿಳ್ಳೆಯ, ಅಂದರೆ ನಮ್ಮ ಅಳಿಯಂದಿರ, ಮುಖ ನೋಡಬೇಕಿತ್ತು ನೀನು! ಕೊನೆಗೆ ಅರ್ಧ ತಮಿಳು ಬೆರೆತ ನಮ್ಮ ಮನೆ ಕನ್ನಡದಲ್ಲಿ ನಾನೇ ಮಾತಾಡಿದೆ. ಈಗ ಅವಳು ಸೀರೆಯ ಬಣ್ಣ, ಅಂಚು, ಬೆಲೆ ಎಲ್ಲವನ್ನೂ ಬಾಯಲ್ಲೇ ಹೇಳುತ್ತಾಳೆ. ನಡುನಡುವೆ ನನ್ನ ದನಿಯನ್ನು ಬೈಯುತ್ತಾಳೆ ಕೂಡ.

ಮೊನ್ನೆ ಆ್ಯಪ್ ನೋಡಿ ತಿರುಪ್ಪೂರಿನಿಂದ ಒಬ್ಬರು ಸರೋಜಕ್ಕನಿಗೆ ಫೋನ್ ಮಾಡಿ ಬೆಲೆ ಇಳಿಸಿ ಎಂದರಂತೆ. "ನೇಯ್ದೋಳು ನಾನು, ಬೆಲೆನೂ ನಾನೇ ಹೇಳ್ತೀನಿ ಅಂದೆ" ಎಂದಳು. ಸೀರೆ ಹೋಯಿತು ದೊಡ್ಡಮ್ಮಾ, ಅವಳು ಹೇಳಿದ ಬೆಲೆಗೇ, ಅವಳ ಹೆಸರಿನಲ್ಲೇ! ಈಗ ಬೀದಿಯವರೆಲ್ಲ ತಮಗೂ ಹೇಳಿಕೊಡಿ ಎಂದು ಕೂತಿದ್ದಾರೆ. ನಾಳೆ ಬೆಳಿಗ್ಗೆಯ ಬಸ್ಸಿಗೆ ಇಬ್ಬರೂ ಅನ್ನೂರಿಗೆ ಹೊರಟಿದ್ದೇವೆ. ಹೇಳಿಕೊಡುವವಳು ಸರೋಜಕ್ಕನೇ ಅಂತೆ. ನಾವು ಕಾಫಿ ಕುಡಿದು ಸುಮ್ಮನೆ ಕೂರಬೇಕಂತೆ.

ನಿನ್ನ,
ಪವಿ