ಹೆಪ್ಸಿಯ ಪ್ರಾರ್ಥನೆ

ರೀ,

ನೀವು ಹಾಲು ತರುವ ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತೇನೆ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ. ಹೇಗೂ ನಿಮಗೆ ಆಫೀಸಿಗೆ ರಜೆ, ಇವತ್ತು ಹೆಪ್ಸಿಗೆ ಪಾಠ ನೀವೇ ಹೇಳಿಕೊಡಿ. ಹದಿನಾರರ ಮಗ್ಗಿ, ಆಮೇಲೆ ಒಂದು ಕೀರ್ತನೆ ಬಾಯಿಪಾಠ. ಸುಸ್ತು ಅಂದರೆ ನಿಲ್ಲಿಸಿ. ಅವಳ ಆ ಜ್ವರ ಹೋಗಿ ಎರಡು ವರ್ಷವಾದರೂ ನನ್ನ ಭಯ ಹೋಗಿಲ್ಲ.

ಒಂಬತ್ತಕ್ಕೆ ಬೀದಿಯ ಮಕ್ಕಳೆಲ್ಲ ಸ್ಕೂಲಿಗೆ ಹೊರಡುತ್ತಾರೆ. ಆ ಹೊತ್ತಿಗೆ ದಿನಾ ನಾನು ಕಿಟಕಿ ಮುಚ್ಚುತ್ತೇನೆ. ನೀವು ಮುಚ್ಚಬೇಡಿ.

ನಿನ್ನೆ ಸಂಜೆ ಪ್ರಾರ್ಥನೆಯಲ್ಲಿ ಅವಳು, "ಯೇಸಪ್ಪಾ, ನನ್ನ ಸ್ಕೂಲಿಗೆ ಕಳ್ಸೋ ಧೈರ್ಯ ಅಮ್ಮಂಗೆ ಕೊಡಪ್ಪಾ" ಅಂದಳು. ನೀವು ತಕ್ಷಣ ಆಮೆನ್ ಅಂದಿರಿ. ನನ್ನ ಬಾಯಿಂದ ಹೊರಡಲಿಲ್ಲ.

ಸ್ಕೂಲಿಗೇ ಹೋಗುತ್ತಿದ್ದೇನೆ, ಅರ್ಜಿ ತರಲು. ಅವಳಿಗೆ ಈಗಲೇ ಹೇಳಬೇಡಿ. ಸಂಜೆ ಅದನ್ನೇ ಇನ್ನೊಮ್ಮೆ ಬೇಡಲಿ. ನಾನು ಆಮೆನ್ ಅನ್ನಬೇಕು.

ಪ್ರಫುಲ್ಲ