ಸಮಾನಧರ್ಮ ಬಿಟ್ಟುಹೋದ ಉಪಮೆ

ಶುಕ್ರವಾರ
ಗ್ಯಾರೇಜಿನಿಂದ, ಊಟದ ಬಿಡುವಿನಲ್ಲಿ

ನನ್ನ ಮೇಷ್ಟ್ರಮ್ಮನಿಗೆ,

ಇಲ್ಲಿ ಅಪ್ಪ ಮಗಳು ಇಬ್ಬರೂ ಚೆನ್ನಾಗಿದ್ದೇವೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇವೆ, ಮನೆ ಲಕಲಕ ಹೊಳೆಯುತ್ತಿದೆ, ಯಾವುದಕ್ಕೂ ತೊಂದರೆಯಿಲ್ಲ. ನಿನ್ನೆ ಇಷ್ಟು ಬರೆದು ನಿನ್ನ ಮಗಳಿಗೆ ತೋರಿಸಿದರೆ, ಅಪ್ಪಾ, ಇದಕ್ಕೆ ಅತಿಶಯೋಕ್ತಿ ಅಂತಾರೆ ಅಂದುಬಿಟ್ಟಳು. ಅನ್ನ ಎರಡು ಸಲ ತಳ ಹಿಡಿದದ್ದನ್ನೂ ಬರೆಯಬೇಕಂತೆ. ಬರೆದಿದ್ದೇನೆ, ಆಯಿತಲ್ಲ.

ಪರೀಕ್ಷೆ ಹತ್ತಿರ ಬಂತು ಅಂತ ಅವಳನ್ನು ನನ್ನ ಬಳಿ ಬಿಟ್ಟು ನೀನು ಸ್ಕೂಟರ್ ಹತ್ತಿ ನಿಮ್ಮಕ್ಕನ ಮನೆಗೆ ಹೋದೆ. ಅವಳಿಗೀಗ ಅಲಂಕಾರಗಳ ಪಾಠ. ಪ್ರಶ್ನೆ ಕೇಳುವವರು ಯಾರಾದರೂ ಬೇಕು ಅಂತ ನಿನ್ನ ಪುಸ್ತಕವನ್ನು ನನ್ನ ಕೈಗೆ ತುರುಕಿದಳು. ಕೇಳುತ್ತಾ ಕೇಳುತ್ತಾ ನನಗೇ ಹುಚ್ಚು ಹತ್ತಿಕೊಂಡಿತು. ಮುಖ ಚಂದ್ರನಂತೆ ಅಂದರೆ ಉಪಮೆ, ಮುಖವೇ ಚಂದ್ರ ಅಂದರೆ ರೂಪಕ ಅಂದಳು. ಅಷ್ಟೇ ತಾನೆ, ಒಂದು ನಟ್ಟು ಬೋಲ್ಟು, ಇನ್ನೊಂದು ವೆಲ್ಡಿಂಗು ಅಂದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಪರೀಕ್ಷೆಯಲ್ಲಿ ಹಾಗೇನಾದರೂ ಬರೆದರೆ ನೀನು ನಮ್ಮಿಬ್ಬರನ್ನೂ ಸುಮ್ಮನೆ ಬಿಡುವುದಿಲ್ಲ ಎಂದು ಹೆದರಿಸಿ ಇಟ್ಟಿದ್ದೇನೆ.

ವ್ಯಂಗ್ಯ ಕಲಿಸಿದವರು ನಿಮ್ಮಕ್ಕ. ಮೊನ್ನೆ ಫೋನ್ ಮಾಡಿ, ಮಾತಿನಲ್ಲಿ ನಿಮ್ಮನ್ನು ಮೀರಿಸೋರು ಯಾರಿದಾರೆ ಬಿಡಿ ಅಂದರು. ಅರೆಗಳಿಗೆ ಖುಷಿಪಟ್ಟೆ. ಆಮೇಲೆ ಅವರೇ ಹೇಳಿದರು, ಅಲ್ಲಿಯ ಶಾಲೆಯವರು ನಿನಗೆ ಕಾಯಂ ಕೆಲಸ ಕೊಡುತ್ತೇವೆ ಅಂದಿದ್ದಾರಂತೆ, ಸೋಮವಾರ ನೀನು ಉತ್ತರ ಕೊಡಬೇಕಂತೆ. ನೀನು ಹೊರಟ ಬೆಳಿಗ್ಗೆ ನಾನು ಮುಸುಕು ಹಾಕಿ ಮಲಗಿಯೇ ಇದ್ದೆ, ಏಳಲೂ ಇಲ್ಲ ಅಂತ ನೀನು ಅವರ ಹತ್ತಿರ ಹೇಳಿಕೊಂಡು ಕಣ್ಣೀರು ಹಾಕಿದೆಯಂತೆ. ಅದನ್ನು ಕೇಳಿದ ಮೇಲೆ ಕೈಯಲ್ಲಿದ್ದ ಸ್ಪ್ಯಾನರ್ ಎಲ್ಲಿಟ್ಟೆನೋ, ಇವತ್ತಿಗೂ ಸಿಕ್ಕಿಲ್ಲ.

ಈಗ ನಾನು ಹೇಳಬೇಕಾದ ಮಾತು. ನಿನ್ನ ಶಾಲೆಯಲ್ಲಿ ನಿನಗೆ ಸನ್ಮಾನ ಮಾಡಿದ ದಿನ, ಯಜಮಾನರೂ ಎರಡು ಮಾತಾಡಲಿ ಅಂತ ನನ್ನನ್ನು ವೇದಿಕೆಗೆ ಎಳೆದರಲ್ಲ. ಮೈಕ್ ಹಿಡಿದ ಕೂಡಲೇ ನನಗೆ ಗೊತ್ತಿರುವುದರಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೋ ಅದನ್ನೇ ಹೇಳಿದೆ. ನನ್ನ ಹೆಂಡತಿ ನನ್ನ ಪಾಲಿಗೆ ಬ್ರೇಕ್ ಇದ್ದ ಹಾಗೆ ಅಂದೆ. ಮುಂದಿನದನ್ನು ಹೇಳುವಷ್ಟರಲ್ಲಿ ಸಭೆಗೆ ಸಭೆಯೇ ನಕ್ಕಿತು. ನಿಮ್ಮ ಹೆಡ್‌ಮಾಸ್ಟರು, ಪಾಪ, ಎಷ್ಟು ಕಷ್ಟಪಡ್ತಿದೀರೋ ಅಂತ ನನ್ನ ಬೆನ್ನು ತಟ್ಟಿದರು. ನಾನೂ ಪೆದ್ದನ ಹಾಗೆ ನಕ್ಕು ಬಂದು ಕುಳಿತೆ. ಮಾರನೆಯ ದಿನದಿಂದ ನೀನು ಎಲ್ಲರ ಬಾಯಲ್ಲಿ ಬ್ರೇಕ್ ಮೇಡಂ ಆದೆ.

ಇಷ್ಟು ವರ್ಷ ಊರ ಮಕ್ಕಳಿಗೆಲ್ಲ ಉಪಮೆ ಹೇಳಿಕೊಟ್ಟೆ, ನನಗೆ ಅಂತ ನಿಮಗೆ ಸಿಕ್ಕಿದ್ದು ಇದೊಂದೇನಾ ಅಂತ ಅವತ್ತು ನೀನು ಕೇಳಿದೆ. ಹಾಗಾದರೆ ಹಾರ್ನ್ ಅನ್ನಬೇಕಿತ್ತಾ ಅಂತ ನಾನು ಅಂದೆ. ಹಾಳಾದ ನಾಲಿಗೆ. ನೀನು ನಗಲಿ ಅಂತ ಆಡಿದ ಮಾತು ಕಣೇ ಅದು.

ಮೊನ್ನೆ ಪುಸ್ತಕದಲ್ಲಿ ನೋಡಿದೆ. ಉಪಮೆ ಪೂರ್ತಿಯಾಗಬೇಕಾದರೆ ನಾಲ್ಕು ಭಾಗ ಇರಬೇಕಂತೆ. ಮಗುವಿನ ಮುಖ ಹೂವಿನಂತೆ ಅರಳಿತು ಅಂದರೆ, ಮುಖ ಉಪಮೇಯ, ಹೂವು ಉಪಮಾನ, ಅಂತೆ ಅನ್ನುವುದು ವಾಚಕ. ಅರಳುವುದು ಎರಡಕ್ಕೂ ಇರುವ ಗುಣ, ಅದೇ ಸಮಾನಧರ್ಮ. ಒಂದು ಭಾಗ ಬಿಟ್ಟುಹೋದರೆ ಲುಪ್ತೋಪಮೆ. ಮುಖ ಹೂವಿನಂತೆ ಅಂತ ಅಷ್ಟಕ್ಕೇ ನಿಲ್ಲಿಸಿದರೆ, ಕೇಳಿದವರು ಬಾಡಿತು ಅಂತಲೂ ತಿಳಿದುಕೊಳ್ಳಬಹುದಲ್ಲ ಅಂತ ಮಗಳನ್ನು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿ, ಅಪ್ಪಾ, ನೀವು ಅಮ್ಮನಿಗೆ ಹಾಗೇ ಮಾಡಿದ್ದು ಅಂದಳು.

ನಾನು ಬಿಟ್ಟದ್ದು ಸಮಾನಧರ್ಮ. ಖಾಲಿ ಜಾಗದಲ್ಲಿ ಜನ ತಮಗೆ ಬೇಕಾದ್ದನ್ನು ತುಂಬಿಕೊಂಡರು. ತಡೆಯುವವಳು, ಅಡ್ಡ ಬರುವವಳು ಅಂತ. ನೀನೂ ಹಾಗೇ ತಿಳಿದೆ, ಅದೇ ನನ್ನ ಸಂಕಟ.

ಬ್ರೇಕ್ ಇರುವುದು ನಿಲ್ಲಿಸುವುದಕ್ಕೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಬ್ರೇಕ್ ಕೆಟ್ಟ ಗಾಡಿಯನ್ನು ಯಾರೂ ಓಡಿಸುವುದಿಲ್ಲ, ತಳ್ಳಿಕೊಂಡು ಬರುತ್ತಾರೆ. ದಿನಾ ನೋಡುತ್ತೇನೆ. ಬ್ರೇಕ್ ಇದೆ ಅನ್ನುವ ಧೈರ್ಯಕ್ಕೇ ಮನುಷ್ಯ ಗಾಡಿಯ ವೇಗ ಹೆಚ್ಚಿಸುವುದು. ನಾನು ತಿಂಗಳ ಸಂಬಳ ಬಿಟ್ಟು ಸ್ವಂತ ಗ್ಯಾರೇಜು ಹಾಕಿದಾಗ ಎಲ್ಲರೂ ಬೇಡ ಅಂದರು. ನೀನು, ಹೋಗಿ, ನಾನಿದೀನಿ ಅಂದೆ. ಆ ಒಂದು ಮಾತಿನ ಮೇಲೆ ನಾನು ಇಲ್ಲಿಯವರೆಗೆ ಬಂದಿದ್ದೇನೆ. ಆದ್ದರಿಂದ ಈಗ ಪೂರ್ತಿ ಉಪಮೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು: ನೀನು ನನಗೆ, ಗಾಡಿಗೆ ಬ್ರೇಕ್ ಇದ್ದ ಹಾಗೆ, ಧೈರ್ಯ.

ಅಲ್ಲಿಯ ಕೆಲಸ ನಿನಗೆ ಇಷ್ಟವಾಗಿದ್ದರೆ ಒಪ್ಪಿಕೋ. ಅಡ್ಡ ಬರುವುದಿಲ್ಲ. ಗ್ಯಾರೇಜು ಎಲ್ಲಾದರೂ ಹಾಕಬಹುದು, ಗಾಡಿಗಳು ಎಲ್ಲಾ ಕಡೆ ಕೆಡುತ್ತವೆ. ಆದರೆ ನನ್ನ ಮೇಲಿನ ಸಿಟ್ಟಿಗೆ ಮಾತ್ರ ಒಪ್ಪಬೇಡ. ನೀನಿಲ್ಲದ ಮನೆಗೆ ಹೋಗಲು ನನಗೆ ಕಾಲೇ ಬರುವುದಿಲ್ಲ. ನಾಳೆ ಮಗಳು ನಿನ್ನನ್ನು ನೋಡಲು ಬರುತ್ತಾಳಲ್ಲ, ಅವಳ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಸೋಮವಾರಕ್ಕೆ ಮುಂಚೆ ಒಂದು ಸಲ ಓದು.

ಇಂತಿ, ಹೊಸದಾಗಿ ಪಾಠಕ್ಕೆ ಸೇರಿದ
ನಿನ್ನ ಗ್ರೀಸ್ ಕೈಯವನು

ತಾ.ಕ.: ನೀನು ಹೊರಟ ಬೆಳಿಗ್ಗೆ ನಾನು ನಿದ್ದೆಯಲ್ಲಿ ಇರಲಿಲ್ಲ. ಹಿಂದಿನ ಸಂಜೆಯೇ ನಿನ್ನ ಬ್ಯಾಗು ಕಂಡಿತ್ತು. ಹೋಗಬೇಡ ಅನ್ನಲು ಬಾಯಿ ಬರಲಿಲ್ಲ. ನೀನು ಏಳುವ ಮುಂಚೆ ಕೆಳಗೆ ಹೋಗಿ ನಿನ್ನ ಸ್ಕೂಟರಿನ ಎರಡೂ ಬ್ರೇಕ್ ವೈರುಗಳನ್ನು ಬದಲಿಸಿ, ಕೈ ಕೂಡ ತೊಳೆಯದೆ ಬಂದು ಮುಸುಕು ಹಾಕಿಕೊಂಡೆ. ಹೊದಿಕೆಯ ಗ್ರೀಸ್ ಕಲೆ ಇನ್ನೂ ಹೋಗಿಲ್ಲ. ಬಾಯಿ ಬಿಟ್ಟು ಹೇಳದೆಯೂ ತಿಳಿಯುವ ಅರ್ಥಕ್ಕೆ ಧ್ವನಿ ಅಂತ ಹೆಸರಂತೆ. ನಿಮ್ಮಕ್ಕನ ಊರಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ನಿನಗೇನಾದರೂ ತಿಳಿಯಿತೇ?