ಗೂಡಿನಲ್ಲಿ ಕೂತವಳಿಗೆ ‘ಊಟ ಆಯ್ತಾ’ ಎಂದು ಕೇಳಲು ಅನುಮತಿ ಕೋರಿ

ಬಂದರಿನ ಸಿಬ್ಬಂದಿ ಘನತೆ ಮತ್ತು ಸಮಾನತೆ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನಾನು ಒಬ್ಬ ಮನುಷ್ಯನ ಬಾಯಿ ಮುಚ್ಚಿಸಿ ಎಂದು ಕೇಳಿದ್ದೆ. ತಾವು ಆ ಒಬ್ಬನನ್ನು ಬಿಟ್ಟು ಉಳಿದ ಎಲ್ಲರ ಬಾಯಿ ಮುಚ್ಚಿಸಿದಿರಿ. ನನ್ನ ದೂರು ಇಷ್ಟೇ. ಕೆಲಸದ ಒತ್ತಡದಲ್ಲಿರುವ ತಾವು ಇಲ್ಲಿಗೇ ಓದು ನಿಲ್ಲಿಸಿದರೂ ವಿಷಯ ತಿಳಿದಂತಾಯಿತು. ಇದೇ ಮಾತನ್ನು ಕಚೇರಿಯ ದಾರಿಯಲ್ಲೇ ತಮಗೆ ಮುಟ್ಟಿಸಲು ನೋಡಿದೆ. ‘ತಮ್ಮ ಪತ್ರ ಸ್ವೀಕೃತವಾಗಿದೆ’ ಎಂಬ ಒಂದು ಸಾಲು ಬಿಟ್ಟರೆ ಏನೂ ಬರಲಿಲ್ಲ. ಆದ್ದರಿಂದ ನಾಲ್ಕು ಜನ ಓದುವ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ. ತಮಗೆ ಬಿಡುವಿಲ್ಲದಿದ್ದರೆ ಆ ನಾಲ್ಕು ಜನರಲ್ಲಿ ಯಾರಾದರೂ ಓದಿ ಹೇಳಿಯಾರು.

ನನ್ನ ಮುಖ ತಮಗೆ ಗೊತ್ತಿರಲೇಬೇಕು. ಬಂದರಿನ ಮುಖ್ಯದ್ವಾರದ ಪಕ್ಕದಲ್ಲಿ ಆಳೆತ್ತರದ ಫಲಕವೊಂದಿದೆಯಲ್ಲ, ‘ವೈವಿಧ್ಯವೇ ನಮ್ಮ ಬಲ’ ಎಂದು? ಅದರಲ್ಲಿ ಹಳದಿ ಹೆಲ್ಮೆಟ್ ಹಾಕಿಕೊಂಡು ಹಲ್ಲು ಕಿರಿದು ನಿಂತವಳು ನಾನೇ. ಹೆಲ್ಮೆಟ್ ನನ್ನದಲ್ಲ. ನನ್ನದು ಮಾಸಿದೆ ಎಂದು ತಮ್ಮ ಛಾಯಾಗ್ರಾಹಕರು ಹೊಸದೊಂದನ್ನು ತರಿಸಿ, ಫೋಟೊ ಆದ ಮೇಲೆ ವಾಪಸು ಇಸಿದುಕೊಂಡರು. ತಾವು ಭಾಷಣದಲ್ಲಿ ‘ನಮ್ಮಲ್ಲಿ ಒಬ್ಬ ಮಹಿಳಾ ಕ್ರೇನ್ ಆಪರೇಟರ್ ಕೂಡ ಇದ್ದಾರೆ’ ಎಂದಾಗಲೆಲ್ಲ ಚಪ್ಪಾಳೆ ಬೀಳುತ್ತದಂತೆ. ಆ ವಾಕ್ಯದ ‘ಒಬ್ಬ’ ಎಂಬ ಮಾತಿಗೆ ಎಷ್ಟು ಭಾರವಿದೆ ಎಂದು ಎತ್ತಿ ನೋಡಿದವಳು ನಾನು. ಭಾರ ಎತ್ತುವುದೇ ನನ್ನ ಕೆಲಸವಾದ್ದರಿಂದ ನಂಬಬಹುದು.

ತಾವು ನನ್ನ ಕ್ರೇನಿಗೆ ಒಮ್ಮೆಯೂ ಹತ್ತಿಲ್ಲ, ಹಾಗಾಗಿ ಹೇಳುತ್ತೇನೆ. ಹಡಗಿನಿಂದ ಕಂಟೇನರುಗಳನ್ನು ಇಳಿಸುವ ಆ ಕ್ರೇನಿನ ನೆತ್ತಿಯ ಬಳಿ ಒಂದು ಗಾಜಿನ ಪೆಟ್ಟಿಗೆ ಇದೆ. ಒಂದು ಕುರ್ಚಿ, ಎರಡು ಹಿಡಿಕೆ, ನೀರಿನ ಬಾಟಲಿ, ಬುತ್ತಿ ತೂಗುಹಾಕಲು ಒಂದು ಮೊಳೆ. ಕಾಲ ಕೆಳಗೂ ಗಾಜು. ಇಡೀ ಪಾಳಿ ಕತ್ತು ಬಗ್ಗಿಸಿ ಆ ಗಾಜಿನ ಮೂಲಕ ಕೆಳಗೆ ನೋಡುತ್ತಾ ಕೂರಬೇಕು. ಮನುಷ್ಯರು ಕಾಣುತ್ತಾರೆ, ಆದರೆ ಮುಖ ಕಾಣುವುದಿಲ್ಲ. ಬರೀ ಹೆಲ್ಮೆಟ್ಟುಗಳ ನೆತ್ತಿ. ಮೊಬೈಲನ್ನು ಗೇಟಿನಲ್ಲೇ ಕೊಟ್ಟು ಬರಬೇಕು, ಅದು ಸುರಕ್ಷತೆಯ ನಿಯಮ, ಅದಕ್ಕೆ ನನ್ನ ತಕರಾರಿಲ್ಲ. ಉಳಿಯುವುದು ಎದೆಗೆ ಸಿಕ್ಕಿಸಿಕೊಂಡ ವಾಕಿಟಾಕಿ ಒಂದೇ. ಗುಂಡಿ ಒತ್ತಿದರೆ ನಾವು ಮಾತಾಡಬಹುದು, ಬಿಟ್ಟರೆ ಬೇರೆಯವರ ಮಾತು ಕೇಳುತ್ತದೆ. ಒತ್ತಿ ಹಿಡಿದೇ ಇದ್ದರೆ ಯಾರದೂ ಕೇಳುವುದಿಲ್ಲ.

ಆ ಪೆಟ್ಟಿಗೆಗೆ ಕೆಳಗಿನವರು ಇಟ್ಟ ಹೆಸರು ಗೂಡು. ಅದರಲ್ಲಿ ಕೂತ ನಾನು ಗೂಡಕ್ಕ. ಹೆಸರಿಟ್ಟವರು ಶಿಳ್ಳೆಯಣ್ಣ. ಕೆಳಗೆ ನಿಂತು ಕೈಸನ್ನೆಯಲ್ಲೂ ವಾಕಿಟಾಕಿಯಲ್ಲೂ ನನಗೆ ದಿಕ್ಕು ಹೇಳುವ ಸಿಗ್ನಲ್‌ನವರು ಅವರು. ಬಿಡುವಾದಾಗ ಶಿಳ್ಳೆ ಹಾಕುವ ಚಟ. ನನಗಿಂತ ಎಷ್ಟೋ ದೊಡ್ಡವರು, ಆದರೂ ನಾನು ಅವರಿಗೆ ಅಕ್ಕ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ‘ಹೆಂಗಸು ಎತ್ತಿದ ಪೆಟ್ಟಿಗೆ ಕೆಳಗೆ ನಿಲ್ಲೋಕೆ ನನಗೆ ಧೈರ್ಯ ಇಲ್ಲಪ್ಪ’ ಎಂದು ದೂರ ಸರಿದವರೂ ಅವರೇ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ‘ಗೂಡಕ್ಕ ಇದ್ರೆ ನಾನು ಕಣ್ಣು ಮುಚ್ಕೊಂಡು ನಿಲ್ತೀನಿ’ ಎನ್ನತೊಡಗಿದರು. ‘ಕಣ್ಣು ಬಿಟ್ಕೊಂಡೇ ನಿಲ್ಲಿ ಅಣ್ಣಾ, ಸಿಗ್ನಲ್ ಕೊಡೋರು ನೀವು’ ಎಂದು ನಾನು ಅಂದಾಗ ವಾಕಿಟಾಕಿಯ ಚಾನೆಲ್ಲಿನಲ್ಲಿದ್ದ ಅಷ್ಟೂ ಜನ ನಕ್ಕಿದ್ದರು. ತಮ್ಮ ತರಬೇತಿಯಲ್ಲಿ ‘ಸೇರ್ಪಡೆಯ ಸಂಸ್ಕೃತಿ’ ಎಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಹೇಳಿಕೊಟ್ಟರಲ್ಲ, ಅದು ನನಗೆ ಸಿಕ್ಕಿದ್ದು ಆ ನಗುವಿನಲ್ಲಿ.

ನನ್ನ ಮನೆಯೂ ಆ ಚಾನೆಲ್ಲಿನಲ್ಲೇ ಇತ್ತು. ಮನೆಯೆಂದರೆ ನಾನು ಮತ್ತು ನನ್ನ ಒಡಹುಟ್ಟಿದ ಅಕ್ಕ. ಬೇಕರಿಯಲ್ಲಿ ದುಡಿದು ನನಗೆ ಈ ಕೆಲಸ ಕಲಿಸಿದವಳು. ಮೊಬೈಲ್ ಇಲ್ಲದ ಆಪರೇಟರುಗಳ ಮನೆಯವರು ಗೇಟಿಗೆ ಫೋನ್ ಮಾಡುವುದು, ಗೇಟಿನವರು ಸಿಗ್ನಲ್‌ನವರಿಗೆ ಹೇಳುವುದು, ಅವರು ಮೇಲಕ್ಕೆ ದಾಟಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಅಕ್ಕ ಅದನ್ನು ಬೇಕಾಬಿಟ್ಟಿ ಬಳಸಿಕೊಂಡಳು. ‘ಗೂಡಕ್ಕಾ, ನಿಮ್ಮಕ್ಕ ಕೇಳ್ತಿದಾರೆ, ಗ್ಯಾಸ್ ಆಫ್ ಮಾಡಿ ಬಂದ್ರಾ?’ ‘ಗೂಡಕ್ಕಾ, ಬೀಗದ ಕೈ ನಿಮ್ಮ ಹತ್ರಾನೇ ಇದೆಯಂತೆ, ಅವರು ಮೆಟ್ಟಿಲ ಮೇಲೆ ಕೂತಿದಾರಂತೆ, ಬೈತಿದಾರೆ, ಬೈದಿದ್ದನ್ನೂ ಹೇಳ್ಲಾ?’ ಮರ್ಯಾದೆ ಮೂರಾಬಟ್ಟೆಯಾಗುತ್ತಿತ್ತು. ಆದರೂ ಆ ಗಾಜಿನ ಪೆಟ್ಟಿಗೆಯಲ್ಲಿ ನಾನು ಒಬ್ಬಳೇ ಇದ್ದೇನೆ ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

ಇನ್ನು ಆ ಒಬ್ಬ ಮನುಷ್ಯ. ನಮ್ಮ ಪಾಳಿಯ ಮೇಲ್ವಿಚಾರಕ. ನಾನು ಏಣಿ ಹತ್ತುವಾಗ ಕೆಳಗೆ ನಿಂತು, ತನಗೆ ಏನೇನು ಕಾಣುತ್ತಿದೆ ಎಂದು ವಾಕಿಟಾಕಿಯಲ್ಲಿ ವರ್ಣಿಸುವುದು ಆತನ ಹವ್ಯಾಸ. ವರ್ಣನೆಯನ್ನು ಇಲ್ಲಿ ಬರೆದರೆ ಪತ್ರಿಕೆಯವರು ಅಚ್ಚು ಹಾಕುವುದಿಲ್ಲ. ಆ ಹೊತ್ತಿನಲ್ಲಿ ಉಳಿದವರು ಯಾರೂ ನಗುತ್ತಿರಲಿಲ್ಲ, ಆದರೆ ಸುಮ್ಮನಿರಿ ಎಂದೂ ಹೇಳುತ್ತಿರಲಿಲ್ಲ, ಅದೂ ನಿಜ. ನಾನು ಸಹಿಸಿ, ಎದುರಿಗೇ ಹೇಳಿ ನೋಡಿ, ಕೊನೆಗೆ ತಮ್ಮ ವಿಭಾಗಕ್ಕೆ ದೂರು ಕೊಟ್ಟೆ. ದೂರಿನಲ್ಲಿದ್ದದ್ದು ಒಂದೇ ಹೆಸರು. ಓದಲು ಕಷ್ಟವಾಗುವಂಥ ಕೈಬರಹವೂ ನನ್ನದಲ್ಲ.

ತಾವು ಏನು ಮಾಡಿದಿರಿ? ‘ಯಾರೊಬ್ಬರನ್ನೂ ಗುರಿ ಮಾಡುವುದು ಬೇಡ, ವಾತಾವರಣವೇ ಬದಲಾಗಬೇಕು’ ಎಂದಿರಿ. ಎಂಥ ಉದಾತ್ತ ಮಾತು! ಎಲ್ಲರನ್ನೂ ಸಭಾಂಗಣದಲ್ಲಿ ಕೂರಿಸಿ ತರಬೇತಿ ಕೊಡಿಸಿದಿರಿ. ಮೇಲ್ವಿಚಾರಕ ಮೊದಲ ಸಾಲಿನಲ್ಲಿ ಕೂತು, ತಲೆಯಾಡಿಸಿ, ತುಂಬ ಒಳ್ಳೆಯ ಪ್ರಶ್ನೆಗಳನ್ನು ಕೇಳಿ, ಪ್ರಮಾಣಪತ್ರ ಪಡೆದ. ಅದಕ್ಕೆ ಚೌಕಟ್ಟು ಹಾಕಿಸಿ ತನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದಾನೆ. ಆಮೇಲೆ ಬಂತು ತಮ್ಮ ಸುತ್ತೋಲೆ. ಮಹಿಳಾ ಸಿಬ್ಬಂದಿಯೊಡನೆ ಪುರುಷ ಸಿಬ್ಬಂದಿ ಕೆಲಸಕ್ಕೆ ಸಂಬಂಧಿಸದ ಯಾವುದೇ ಸಂಭಾಷಣೆ ನಡೆಸತಕ್ಕದ್ದಲ್ಲ. ಅಡ್ಡಹೆಸರು, ‘ಅಕ್ಕ’ ‘ತಂಗಿ’ಯಂಥ ಸಂಬಂಧವಾಚಕ, ಹಾಸ್ಯ ಕೂಡದು. ಖಾಸಗಿ ಸಂದೇಶಗಳು ಮಹಿಳಾ ಸಂಪರ್ಕಾಧಿಕಾರಿಯ ಮೂಲಕವೇ ಹೋಗಬೇಕು. ಉಲ್ಲಂಘನೆಯ ಮೇಲೆ ನಿಗಾ ಇಡುವ ಹೊಣೆ ಯಾರದು? ಪಾಳಿಯ ಮೇಲ್ವಿಚಾರಕರದು. ಇದನ್ನು ಬರೆಯುವಾಗ ತಮ್ಮ ಕೋಣೆಯಲ್ಲಿ ಒಬ್ಬರಿಗಾದರೂ ನಗು ಬರಲಿಲ್ಲವೇ?

ಮರುದಿನವೇ ಚಾನೆಲ್ ಸ್ಮಶಾನವಾಯಿತು. ‘ಆಪರೇಟರ್ ಮೇಡಂ, ಎಡಕ್ಕೆ.’ ‘ಮೇಡಂ, ಇಳಿಸಿ.’ ‘ಮೇಡಂ, ನಿಲ್ಲಿಸಿ.’ ಗಂಡಸು ಆಪರೇಟರುಗಳು ಕೂತ ಪಕ್ಕದ ಕ್ರೇನುಗಳ ಕೆಳಗೆ ಜನ ಎಂದಿನಂತೆ ಹರಟುತ್ತಿದ್ದರು, ಗಾಜಿನಾಚೆ ಅವರ ಭುಜ ಕುಲುಕುವುದು ಕಾಣುತ್ತಿತ್ತು. ನನ್ನ ಕ್ರೇನಿನ ಕೆಳಗೆ ಎಲ್ಲರೂ ಪರೀಕ್ಷೆ ಬರೆಯುವವರಂತೆ ನಿಂತಿರುತ್ತಿದ್ದರು. ನಾನೇ ಗುಂಡಿ ಒತ್ತಿ, ‘ಯಾಕಣ್ಣಾ, ಎಲ್ಲರ ನಾಲಗೆನೂ ಅಡ ಇಟ್ಟುಬಂದ್ರಾ?’ ಎಂದು ಕೇಳಿದೆ. ‘ಮೇಡಂ, ಬಲಕ್ಕೆ’ ಎಂದಷ್ಟೇ ಬಂತು. ಒಂದು ಮಧ್ಯಾಹ್ನ ಶಿಳ್ಳೆಯಣ್ಣನಿಗೆ ತಡೆಯಲಾಗಲಿಲ್ಲ. ಧ್ವನಿ ತಗ್ಗಿಸಿ, ‘ಗೂಡಕ್ಕಾ, ಊಟ ಆಯ್ತಾ?’ ಎಂದರು. ನನಗೆ ಎಷ್ಟು ಖುಷಿಯಾಯಿತೆಂದರೆ ಬಾಯಲ್ಲಿ ತುತ್ತಿಟ್ಟುಕೊಂಡೇ ‘ಆಯ್ತು ಅಣ್ಣಾ, ನಿಮ್ಮದು?’ ಎಂದೆ. ಮರುದಿನ ಅವರಿಗೆ ನೋಟಿಸ್ ಬಂತು. ನಿಷೇಧಿತ ಸಂಬಂಧವಾಚಕದ ಬಳಕೆ ಮತ್ತು ಮಹಿಳಾ ಸಿಬ್ಬಂದಿಯ ವೈಯಕ್ತಿಕ ಚಟುವಟಿಕೆಯ ಬಗ್ಗೆ ಅನಗತ್ಯ ಕುತೂಹಲ. ಇನ್ನೊಂದು ನೋಟಿಸಿಗೆ ಕೆಲಸ ಹೋಗುತ್ತದೆ ಎಂದೂ ಬರೆದಿತ್ತು. ಏಣಿಯ ಬುಡದಲ್ಲಿ ನಿಂತು ವರ್ಣನೆ ಮಾಡಿದವನೇ ಅದಕ್ಕೆ ಸಹಿ ಹಾಕಿದ್ದ. ಅಂದಿನಿಂದ ನಾನೂ ಗುಂಡಿ ಒತ್ತುವುದನ್ನು ಬಿಟ್ಟೆ. ನನ್ನ ಬೇಸರ ಕಳೆಯಲು ಅವರ ಅನ್ನಕ್ಕೆ ಕಲ್ಲು ಹಾಕುವುದು ಹೇಗೆ?

ಅಕ್ಕನ ಫೋನುಗಳನ್ನೂ ಗೇಟಿನವರು ‘ಇನ್ಮೇಲೆ ಆಗಲ್ಲಮ್ಮ’ ಎಂದು ನಿಲ್ಲಿಸಿದರು. ರಾತ್ರಿಯ ಊಟಕ್ಕೆ ಕೂತಾಗ ಅವಳು, ‘ನಿಮ್ಮ ಆಫೀಸಿನೋರು ನನ್ನನ್ನೂ ಗಂಡಸು ಅಂದ್ಕೊಂಡ್ರೇನೇ?’ ಎಂದು ನಕ್ಕಳು. ನಾನೂ ನಕ್ಕೆ. ನಕ್ಕದ್ದು ಈಗ ಎದೆಗೆ ಚುಚ್ಚುತ್ತದೆ.

ಅದಾದ ಮೇಲೆ ಒಂದು ದಿನ ಮಧ್ಯಾಹ್ನ ಅಕ್ಕನಿಗೆ ಬೇಕರಿಯಲ್ಲೇ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿದ ಪಕ್ಕದ ಮನೆಯಾಕೆ ಗೇಟಿಗೆ ಫೋನ್ ಮಾಡಿದರು. ಗೇಟಿನವರು ಶಿಳ್ಳೆಯಣ್ಣನಿಗೆ ಹೇಳಿದರು. ಅವರು ಓಡಿಹೋಗಿ ಮೇಲ್ವಿಚಾರಕನನ್ನು ಕೇಳಿದರು. ಆತ ಸುತ್ತೋಲೆಯನ್ನು ಓದಿ ಹೇಳಿದನಂತೆ: ‘ಇದು ಕೆಲಸದ ವಿಷಯ ಅಲ್ವಲ್ಲ. ಸಂಪರ್ಕಾಧಿಕಾರಿ ಮೂಲಕ ಬರ್ಲಿ. ನನ್ನ ಮೇಲೆ ಮತ್ತೆ ದೂರು ಬರೋದು ಬೇಡ.’ ಸಂಪರ್ಕಾಧಿಕಾರಿ ಕುರ್ಚಿಯಲ್ಲಿರಲಿಲ್ಲ. ಪರಿಣಾಮಕಾರಿ ಸಂವಹನ ಕುರಿತ ಕಾರ್ಯಾಗಾರಕ್ಕೆ ಹೋಗಿದ್ದರು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ, ತಾವೇ ಕಳಿಸಿದ್ದಿರಿ.

ನಾನು ಮೇಲೆ ಕೂತು ಕಂಟೇನರ್ ಎತ್ತುತ್ತಿದ್ದೆ. ಆ ಮಧ್ಯಾಹ್ನ ಏನೋ ವಿಚಿತ್ರ ಕಂಡಿತು. ಸೇರಿದಾಗಿನಿಂದ ನಾನು ನೋಡಿದ್ದು ಹೆಲ್ಮೆಟ್ಟುಗಳ ನೆತ್ತಿಯನ್ನೇ ಎಂದೆನಲ್ಲ, ಅಂದು ಮುಖಗಳು ಕಂಡವು. ಕೆಳಗಿದ್ದವರೆಲ್ಲ ಒಬ್ಬೊಬ್ಬರಾಗಿ ಕತ್ತೆತ್ತಿ ನನ್ನತ್ತ ನೋಡುತ್ತಿದ್ದರು. ನಾನು ಬಗ್ಗಿ ನೋಡಿದರೆ ಮುಖ ತಿರುಗಿಸುತ್ತಿದ್ದರು. ಈಗ ನೋಡುವುದೂ ಶುರುವಾಯಿತಲ್ಲ, ಇವರೂ ಆ ಒಬ್ಬನಂತೆಯೇ ಆದರೇ ಎಂದು ಕೋಪ ಬಂತು. ಏಣಿ ಹತ್ತುವಾಗ ಹಾಕಿಕೊಳ್ಳುವ ಉದ್ದ ಕೋಟನ್ನು ತೆಗೆದು ಕಾಲ ಕೆಳಗಿನ ಗಾಜಿನ ಅರ್ಧಕ್ಕೆ ಹಾಸಿಬಿಟ್ಟೆ. ನನಗೆ ಬೇಕಾದ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ನಿಂತವರಿಗೆ ನಾನು ಬೆನ್ನು ತಿರುಗಿಸಿದ್ದು ಹೀಗೆ.

ಪಾಳಿ ಮುಗಿದು ಇಳಿದಾಗ ಅವರೆಲ್ಲ ಏಣಿಯ ಬುಡದಲ್ಲಿ ಸಾಲಾಗಿ ನಿಂತಿದ್ದರು. ಶಿಳ್ಳೆಯಣ್ಣ ಹೆಲ್ಮೆಟ್ ಕೈಯಲ್ಲಿ ಹಿಡಿದಿದ್ದರು.

‘ಅಕ್ಕಾ...’ ಎಂದರು. ತಕ್ಷಣ ನಾಲಗೆ ಕಚ್ಚಿಕೊಂಡು, ‘ಮೇಡಂ, ನಿಮ್ಮಕ್ಕನಿಗೆ ಹುಷಾರಿಲ್ವಂತೆ. ಆಸ್ಪತ್ರೆಗೆ ಬೇಗ ಹೋಗಿ. ಮಧ್ಯಾಹ್ನಾನೇ ಫೋನ್ ಬಂದಿತ್ತು.’

‘ಮಧ್ಯಾಹ್ನ ಬಂದಿದ್ದನ್ನ ಈಗ ಹೇಳ್ತಿದೀರಾ?’

‘ಗುಂಡಿ ಮೇಲೆ ಬೆರಳಿಟ್ಕೊಂಡೇ ಇದ್ದೆ ಮೇಡಂ. ಒತ್ತೋಕೆ ಆಗ್ಲಿಲ್ಲ.’

ನಾನು ತಲುಪುವ ಹೊತ್ತಿಗೆ ಅಕ್ಕನ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಪಕ್ಕದ ಮನೆಯಾಕೆ ಹೇಳಿದರು, ಕೊನೆಯವರೆಗೂ ಪ್ರಜ್ಞೆ ಇತ್ತಂತೆ. ಬಾಗಿಲ ಕಡೆಗೇ ನೋಡುತ್ತಾ ‘ಇಳಿದ್ಲಾ ಅವಳು? ಇಳಿದ್ಲಾ?’ ಎಂದು ಕೇಳುತ್ತಲೇ ಇದ್ದಳಂತೆ.

ಶಿಳ್ಳೆಯಣ್ಣನ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆದರೆ ಅದು ಸುಳ್ಳು. ಒಂದು ಗುಂಡಿ ಒತ್ತಲಾಗದ ಮನುಷ್ಯ ನನ್ನನ್ನು ಅಕ್ಕ ಎಂದದ್ದಾದರೂ ಏತಕ್ಕೆ ಎಂದು ಅತ್ತಿದ್ದೇನೆ. ಆದರೆ ಆ ಬೆರಳನ್ನು ಹಿಡಿದಿಟ್ಟ ಕೈ ಯಾವುದು ಎಂದು ನನಗೆ ಗೊತ್ತು. ತಮ್ಮ ವಿಭಾಗದಿಂದ ಸಂತಾಪದ ಪತ್ರ ಬಂತು, ಜೊತೆಗೆ ಆಪ್ತಸಮಾಲೋಚಕರ ಫೋನ್ ನಂಬರ್. ಫೋನ್ ಮಾಡಿದೆ. ಆಕೆ ಬಹಳ ಮೃದುವಾಗಿ ಕೇಳಿದರು: ‘ಕೆಲಸದ ಜಾಗದಲ್ಲಿ ಮನಸ್ಸು ಬಿಚ್ಚಿ ಮಾತಾಡೋಕೆ ಯಾರಾದ್ರೂ ಇದ್ದಾರಾ?’ ನಾನು ನಕ್ಕುಬಿಟ್ಟೆ. ನಗು ನಿಲ್ಲಲೇ ಇಲ್ಲ, ಆಕೆ ಹೆದರಿ ‘ಹಲೋ, ಹಲೋ’ ಎನ್ನುತ್ತಿದ್ದರು.

ಹೆಣ್ಣಿಗೆ ಗೌರವವೆಂದರೆ ಅವಳ ಸುತ್ತ ಯಾರೂ ಸುಳಿಯದ ಹಾಗೆ ಬೇಲಿ ಹಾಕುವುದು ಎಂದು ತಮಗೆ ಹೇಳಿಕೊಟ್ಟವರು ಯಾರು ಸ್ವಾಮಿ? ಏಣಿಯ ಕೆಳಗೆ ನಿಂತು ಮೈ ವರ್ಣಿಸುವುದಕ್ಕೂ ಊಟ ಆಯಿತೇ ಎಂದು ಕೇಳುವುದಕ್ಕೂ ಇರುವ ವ್ಯತ್ಯಾಸ ನಮ್ಮ ಪಾಳಿಯ ಪ್ರತಿಯೊಬ್ಬನಿಗೂ ಗೊತ್ತಿತ್ತು. ಆ ಮೇಲ್ವಿಚಾರಕನಿಗೂ ಗೊತ್ತಿತ್ತು, ಗೊತ್ತಿದ್ದೇ ಮಾಡಿದ. ಗೊತ್ತಿಲ್ಲದಂತೆ ನಟಿಸಿದ್ದು ತಮ್ಮ ಸುತ್ತೋಲೆ ಮಾತ್ರ. ಒಬ್ಬನನ್ನು ಕರೆಸಿ ಕೇಳುವ ಮುಜುಗರ ತಪ್ಪಿಸಿಕೊಳ್ಳಲು ತಾವು ಇಡೀ ಬಂದರನ್ನು ಮೂಕವಾಗಿಸಿದಿರಿ, ಅದಕ್ಕೆ ಸಮಾನತೆ ಎಂದು ಹೆಸರಿಟ್ಟಿರಿ. ಈ ಸಮಾನತೆಯಲ್ಲಿ ನನ್ನ ಪಾಲಿಗೆ ಬಂದದ್ದು ಖಾಲಿ ಮನೆ, ಗಾಜಿನ ಪೆಟ್ಟಿಗೆ. ಎರಡರಲ್ಲೂ ಈಗ ಒಂದೇ ಮೌನ. ವಾಕಿಟಾಕಿಯ ಗೊರಗೊರ ಮನೆಯಲ್ಲಿಲ್ಲ ಎಂಬುದೊಂದೇ ವ್ಯತ್ಯಾಸ.

ಬೇಡಿಕೆಗಳು ಹೆಚ್ಚಿಲ್ಲ. ನನ್ನ ಮೊದಲ ದೂರನ್ನು ತೆಗೆದು ಅದರಲ್ಲಿರುವ ಒಂದು ಹೆಸರನ್ನು ಓದಿ, ಆ ಒಬ್ಬನನ್ನು ವಿಚಾರಣೆಗೆ ಕರೆಸಿ. ಸುತ್ತೋಲೆಯನ್ನು ಹಿಂದಕ್ಕೆ ಪಡೆಯಿರಿ. ಶಿಳ್ಳೆಯಣ್ಣನ ನೋಟಿಸ್ ರದ್ದಾಗಬೇಕು. ಫಲಕದ ಮೇಲಿನ ನನ್ನ ಫೋಟೊ ಇರಲಿ ಬಿಡಿ, ಅಲ್ಲಿ ಅವಳಾದರೂ ನಗುತ್ತಿರಲಿ.

ಸುತ್ತೋಲೆಯನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಗಂಡಸರು ಏನೇನು ಮಾತಾಡಬಾರದು ಎಂದು ಉದ್ದಕ್ಕೂ ಇದೆ. ಹೆಂಗಸು ಏನು ಮಾತಾಡಬಾರದು ಎಂದು ಒಂದು ಸಾಲೂ ಇಲ್ಲ. ಅವಳಾಗಿ ಬಾಯಿ ತೆರೆಯಬಹುದು ಎಂದು ತಮಗೆ ಹೊಳೆದೇ ಇಲ್ಲ. ಆದ್ದರಿಂದ ನಾನು ನಿಯಮ ಮುರಿಯುತ್ತಿಲ್ಲ. ಈ ಪತ್ರ ಅಚ್ಚಾದ ದಿನ ಮಧ್ಯಾಹ್ನ, ಬುತ್ತಿ ಬಿಚ್ಚುವ ಮೊದಲು, ಗೂಡಿನಿಂದ ಗುಂಡಿ ಒತ್ತಿ ಕೇಳುತ್ತೇನೆ: ‘ಅಣ್ಣಂದಿರಾ, ಊಟ ಆಯ್ತಾ?’ ಅವರು ಉತ್ತರಿಸಿದರೆ ಯಾರಿಗೂ ನೋಟಿಸ್ ಹೋಗಬಾರದು. ಕೊಡಲೇಬೇಕಿದ್ದರೆ ನನಗೆ ಕೊಡಿ, ಅದನ್ನು ಹಿಡಿದು ಏಣಿ ಹತ್ತಿ ಬನ್ನಿ, ಎದುರಿಗೇ ಇಸಿದುಕೊಳ್ಳುತ್ತೇನೆ.

ಕೇಳಿದ ಮೇಲೆ ಗುಂಡಿ ಬಿಟ್ಟು ಕಾಯುತ್ತೇನೆ.

ಇಂತಿ,
ಕೇಳುವವರಿಲ್ಲದೆ ಬುತ್ತಿ ಬಿಚ್ಚುವ,
ತಮ್ಮ ‘ಒಬ್ಬ ಮಹಿಳಾ ಆಪರೇಟರ್’
(ಕೆಳಗಿನವರಿಗೆ, ಇನ್ನೂ ನೆನಪಿದ್ದರೆ, ಗೂಡಕ್ಕ)